ಹೊಸೂರೋ, ಅತ್ತಿಬೆಲೆಯೋ? ಸೈಟಿನ ರೇಟ್ ಕೇಳೋ ಮೊದಲು ಮಾಡಬೇಕಾದ ಲೆಕ್ಕ

ಎಲೆಕ್ಟ್ರಾನಿಕ್ ಸಿಟಿಯಲ್ಲೋ ಬೊಮ್ಮಸಂದ್ರದ ಕಾರ್ಖಾನೆಯಲ್ಲೋ ಕೆಲಸ. ಮದುವೆಯಾಗಿದೆ, ಚಿಕ್ಕ ಮಗು ಇದೆ, ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿದೆ. ಹೊಸೂರು, ಡೆಂಕಣಿಕೋಟೆ, ತಳಿ ಕಡೆಯ ನಮ್ಮ ಗೆಳೆಯ ಗೆಳತಿಯರು ಈಗ ಕೇಳ್ತಿರೋ ಪ್ರಶ್ನೆ ಒಂದೇ. ಹೊಸೂರಲ್ಲೇ ಮನೆ ಮಾಡೋದಾ, ಇಲ್ಲ ಗಡಿ ದಾಟಿ ಅತ್ತಿಬೆಲೆ, ಚಂದಾಪುರದ ಕಡೆ ಹೋಗೋದಾ?

ಬ್ರೋಕರ್ ಹತ್ರ ಹೋದ್ರೆ ಚದರಡಿ ರೇಟಿಂದಲೇ ಮಾತು ಶುರು, ಅದರಲ್ಲೇ ಮುಗಿಯೋದು. ನಾವು ಹೇಳೋದು ಇಷ್ಟೇ: ರೇಟ್ ಕೊನೆಗೆ ಕೇಳಿ. ಬೇರೆಯವರಿಗೆ ಅತ್ತಿಬೆಲೆ ಮತ್ತು ಹೊಸೂರು ಅಂದ್ರೆ ಹೆಚ್ಚುಕಮ್ಮಿ ಎಂಟು ಕಿಲೋಮೀಟರ್ ದೂರದ ಎರಡು ಊರು. ನಮ್ಮ ಮಕ್ಕಳಿಗೆ ಮಾತ್ರ ಅದು ಎರಡು ಶಾಲಾ ಪದ್ಧತಿ, ಎರಡು ಕಾಲೇಜು ಸೀಟಿನ ನಿಯಮ, ಎರಡು ಭಾಷೆ.

ಮೊದಲು ದುಡ್ಡಿನ ಲೆಕ್ಕವನ್ನೇ ನೋಡೋಣ. ಬ್ಯಾಂಕಿನಲ್ಲಿ ಕೂತು ದಿನಾ ಸಾಲದ ಅರ್ಜಿ ನೋಡೋರು ನಾವು, ಹಾಗಾಗಿ ಇದು ಸುಲಭ. ಹೊಸೂರಿನ ಮನೆ ಚಂದಾಪುರಕ್ಕಿಂತ 5 ಲಕ್ಷ ಅಗ್ಗ ಅಂತ ಇಟ್ಕೊಳ್ಳಿ. ಶೇ 8.5 ಬಡ್ಡಿ, 20 ವರ್ಷದ ಸಾಲಕ್ಕೆ ಈ 5 ಲಕ್ಷದಿಂದ ಇಎಂಐಯಲ್ಲಿ ಉಳಿಯೋದು ತಿಂಗಳಿಗೆ ಸುಮಾರು 4,340 ರೂಪಾಯಿ. ಈಗ ಓಡಾಟ. ಚಂದಾಪುರಕ್ಕಿಂತ ಹೊಸೂರು 15 ಕಿ.ಮೀ. ಆಚೆ ಅಂತ ಹಿಡಿದರೆ ಹೋಗಿ ಬರೋಕೆ ದಿನಕ್ಕೆ 30, ತಿಂಗಳಿಗೆ 25 ದಿನಕ್ಕೆ 750 ಕಿ.ಮೀ. ಹೆಚ್ಚು. ಲೀಟರಿಗೆ 15 ಕಿ.ಮೀ. ಕೊಡೋ ಕಾರಾದ್ರೆ 50 ಲೀಟರ್ ಪೆಟ್ರೋಲ್. ಲೀಟರಿಗೆ 103 ರೂಪಾಯಿಯಂತೆ 5,150. ಅದರ ಮೇಲೆ ಅತ್ತಿಬೆಲೆ ಟೋಲ್. ಉಳಿಸಿದ್ದಕ್ಕಿಂತ ಸುಟ್ಟಿದ್ದೇ ಜಾಸ್ತಿ ಆಯ್ತಲ್ಲ! ಬೈಕಾದ್ರೆ ಲೆಕ್ಕ ತಿರುಗುತ್ತೆ: 50 ಕಿ.ಮೀ. ಮೈಲೇಜಿಗೆ 1,545 ರೂಪಾಯಿ ಅಷ್ಟೇ. ಆದ್ರೆ ಮಳೆಗಾಲದಲ್ಲಿ, ಲಾರಿಗಳ ಮಧ್ಯೆ, ರಾತ್ರಿ ಪಾಳಿ ಮುಗಿಸಿ ಎಷ್ಟು ವರ್ಷ ಬೈಕಲ್ಲಿ ಬರ್ತೀರಿ ಅನ್ನೋದನ್ನೂ ಕೇಳ್ಕೊಳ್ಳಿ. ದಿನಕ್ಕೆ ಒಂದು ಗಂಟೆ ಹೆಚ್ಚು ರಸ್ತೆಯಲ್ಲಿ ಕಳೆದ್ರೂ ತಿಂಗಳಿಗೆ 25 ಗಂಟೆ. ಅದು ಮಗುವಿನ ಜೊತೆ ಇರಬೇಕಾದ ಹೊತ್ತು.

ರಿಜಿಸ್ಟ್ರೇಷನ್ ಖರ್ಚೂ ಎರಡು ಕಡೆ ಒಂದೇ ಅಲ್ಲ. ಸೈಟ್ ಕೊಂಡ್ರೆ ತಮಿಳುನಾಡಿನಲ್ಲಿ ಮುದ್ರಾಂಕ ಶುಲ್ಕ ಶೇ 7, ನೋಂದಣಿ ಶೇ 2, ಒಟ್ಟು ಶೇ 9. ಕರ್ನಾಟಕದಲ್ಲಿ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು ಸರ್ಚಾರ್ಜು, 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶೇ 2. ಎಲ್ಲ ಸೇರಿ ಸುಮಾರು ಶೇ 7.6. 40 ಲಕ್ಷದ ಸೈಟಿಗೆ ಹತ್ತಿರ ಹತ್ತಿರ 55 ಸಾವಿರ ವ್ಯತ್ಯಾಸ. ಅಲ್ಲಿ ಪಟ್ಟಾ, ಇಲ್ಲಿ ಇ-ಖಾತಾ. ಹೊಸೂರಿನ ಕಾಗದಪತ್ರ ತಮಿಳಿನಲ್ಲಿರುತ್ತೆ, ಓದಕ್ಕೆ ಬರದಿದ್ರೆ ವಕೀಲರಿಗೆ ದುಡ್ಡು ಕೊಟ್ಟು ಓದಿಸಿ. ಬ್ರೋಕರ್ ಓದಿ ಹೇಳಿದ್ದನ್ನೇ ನಂಬಿ ಸಹಿ ಹಾಕಬೇಡಿ.

ಇನ್ನು ಸಾರಿಗೆ. ಆರ್.ವಿ. ರೋಡಿನಿಂದ ಬೊಮ್ಮಸಂದ್ರದವರೆಗಿನ ಹಳದಿ ಮೆಟ್ರೋ 2025ರ ಆಗಸ್ಟ್‌ನಲ್ಲಿ ಶುರುವಾಯ್ತು. 19 ಕಿ.ಮೀ., 16 ನಿಲ್ದಾಣ. ಸಿಲ್ಕ್ ಬೋರ್ಡ್ ದಾಟಿ ಒಳಗೆ ಕೆಲಸಕ್ಕೆ ಹೋಗೋರಿಗೆ ಇದರಿಂದ ನಿಜವಾದ ಅನುಕೂಲ ಆಗಿದೆ, ಚಂದಾಪುರದವರಿಗಂತೂ ನಿಲ್ದಾಣ ಪಕ್ಕದಲ್ಲೇ. ಆದ್ರೆ ಬೊಮ್ಮಸಂದ್ರದಿಂದ ಹೊಸೂರಿಗೆ ಮೆಟ್ರೋ ಅನ್ನೋದು ಇನ್ನೂ ಕಾಗದದ ಮೇಲಿನ ಮಾತು. ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗೋ ಉಪನಗರ ರೈಲಿನ ಕನಕ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದೆ, ರೈಲು ಓಡ್ತಿಲ್ಲ. ಓಡದ ರೈಲಿನ ಹೆಸರಲ್ಲಿ ಇವತ್ತು ಹೆಚ್ಚು ರೇಟ್ ಕೊಡಬೇಡಿ. ಇನ್ನೊಂದು ಚಿಕ್ಕ ವಿಷಯ: ಶಕ್ತಿ ಯೋಜನೆಯ ಉಚಿತ ಬಸ್ ಕರ್ನಾಟಕದ ವಿಳಾಸ ಇರೋ ಹೆಣ್ಮಕ್ಕಳಿಗೆ. ಮನೆಯಿಂದ ಇಬ್ಬರು ಮಹಿಳೆಯರು ಕೆಲಸಕ್ಕೆ ಹೋಗ್ತಿದ್ರೆ ತಿಂಗಳ ಕೊನೆಗೆ ಅದೂ ಎದ್ದು ಕಾಣುತ್ತೆ.

ಈಗ ಎಲ್ಲಕ್ಕಿಂತ ದೊಡ್ಡ ಲೆಕ್ಕ, ಶಾಲೆ.

ತಮಿಳುನಾಡಿನ 2006ರ ತಮಿಳು ಕಲಿಕಾ ಕಾಯ್ದೆ ಒಂದನೇ ತರಗತಿಯಿಂದ ಶುರುವಾಗಿ ಹಂತಹಂತವಾಗಿ ಹತ್ತನೇ ತರಗತಿಗೆ ಬಂತು. ಭಾಷಾ ಅಲ್ಪಸಂಖ್ಯಾತ ಮಕ್ಕಳು ಕೋರ್ಟಿಗೆ ಹೋಗಿ ವಿನಾಯಿತಿ ಪಡೆಯಬೇಕಾಯ್ತು. ಕರ್ನಾಟಕದಲ್ಲಿ 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಇದೆ. ಅಂದ್ರೆ ಅತ್ತಿಬೆಲೆಯ ಶಾಲೆಯಲ್ಲಿ ಕನ್ನಡ ತಾನಾಗೇ ಬರುತ್ತೆ. ಹೊಸೂರಲ್ಲಿ ನೀವೇ ಹುಡುಕಿ, ಕೇಳಿ, ಪಟ್ಟು ಹಿಡಿದು ಕೊಡಿಸಬೇಕು.

ಕಾಲೇಜು ಸೀಟಿಗೂ ಇದಕ್ಕೂ ನೇರ ಸಂಬಂಧ ಇದೆ. ಕರ್ನಾಟಕದ ಸಿಇಟಿಯಲ್ಲಿ ಸಾಮಾನ್ಯ ನಿಯಮ: ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಹತ್ತನೇ ತರಗತಿ ಅಥವಾ ದ್ವಿತೀಯ ಪಿಯುಸಿ ಅಲ್ಲೇ ಪಾಸಾಗಿರಬೇಕು. ಆರರಿಂದ ಹನ್ನೆರಡು ಅಂದ್ರೆ ಸರಿಯಾಗಿ ಏಳು ವರ್ಷ. ಹಾಗಾಗಿ ಗಡಿ ದಾಟೋದಿದ್ರೆ ಮಗು ಆರನೇ ತರಗತಿಗೆ ಸೇರೋ ಮೊದಲೇ ದಾಟಿ. ತಮಿಳುನಾಡಿನಲ್ಲೂ ಸರ್ಕಾರಿ ಶಾಲೆಯವರಿಗೆ ವೈದ್ಯಕೀಯದಲ್ಲಿ ಸಿಗೋ ಶೇ 7.5 ಮೀಸಲಾತಿಗೆ ಆರರಿಂದ ಹನ್ನೆರಡರವರೆಗೆ ಸರ್ಕಾರಿ ಶಾಲೆಯಲ್ಲೇ ಓದಿರಬೇಕು. ಎಂಟನೇ ತರಗತಿಯಲ್ಲಿ ಮಗುವನ್ನ ಎತ್ತಿ ಆಚೆ ಹಾಕಿದ್ರೆ ಎರಡೂ ಕಡೆ ಕೈತಪ್ಪೋ ಸಾಧ್ಯತೆ ಇದೆ. ಎಸ್‌ಸಿ, ಎಸ್‌ಟಿ ಕುಟುಂಬಗಳು ಇನ್ನೂ ಹುಷಾರಾಗಿರಬೇಕು: ಮೀಸಲಾತಿ ಮೂಲ ರಾಜ್ಯದ್ದು, ವಿಳಾಸ ಬದಲಾಯಿಸಿದ ಮಾತ್ರಕ್ಕೆ ಈ ಕಡೆ ಸಿಗೋದಿಲ್ಲ.

ಹಾಗಾದ್ರೆ ಹೊಸೂರಲ್ಲೇ ಉಳಿದವರ ಮಕ್ಕಳಿಗೆ ಬಾಗಿಲು ಮುಚ್ಚಿತಾ? ಇಲ್ಲ. ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅವಕಾಶ ಇದೆ. ಆದ್ರೆ ಆ ದಾರಿಯಲ್ಲಿ ಹೋಗೋ ಮಗು ಪರೀಕ್ಷಾ ಪ್ರಾಧಿಕಾರ ನಡೆಸೋ ಕನ್ನಡ ಭಾಷಾ ಪರೀಕ್ಷೆ ಪಾಸಾಗಬೇಕು. ಮನೇಲಿ ಮಾತಾಡೋ ಕನ್ನಡ ಅಲ್ಲಿಗೆ ಸಾಕಾಗಲ್ಲ, ಓದಕ್ಕೆ ಬರೆಯಕ್ಕೆ ಬರಬೇಕು. ಶಾಲೆಯ ದಾಖಲೆಯಲ್ಲಿ ಮಾತೃಭಾಷೆ ಕನ್ನಡ ಅಂತ ಬರೆಸಿ. ಅರ್ಹ ತಾಲೂಕುಗಳ ಪಟ್ಟಿ ಆ ವರ್ಷದ ಮಾಹಿತಿ ಪುಸ್ತಕದಲ್ಲಿ ಇರುತ್ತೆ, ನೀವೇ ತೆಗೆದು ನೋಡಿ.

ಇಷ್ಟೆಲ್ಲ ಕೂಡಿ ಕಳೆದು ನಮ್ಮ ಅಭಿಪ್ರಾಯ ಹೀಗಿದೆ. ಹೊಸೂರಲ್ಲಿ ಅಪ್ಪ ಅಮ್ಮನ ಮನೆ ಇದ್ದು, ಮಗುವನ್ನ ನೋಡ್ಕೊಳ್ಳೋಕೆ ಅಜ್ಜಿ ಇದ್ದು, ಕನ್ನಡ ಕಲಿಸೋ ಶಾಲೆ ಹತ್ತಿರದಲ್ಲಿದ್ರೆ ಅಲ್ಲೇ ಇರಿ, ದೂರಕ್ಕೆ ಹೆದರಿ ಓಡಬೇಡಿ. ಶಾಲೆ ಸಿಗದಿದ್ರೆ, ಗಂಡ ಹೆಂಡತಿ ಇಬ್ಬರೂ ಬೆಂಗಳೂರಿನ ಒಳಗೆ ದುಡೀತಿದ್ರೆ, ಚಂದಾಪುರ ಅತ್ತಿಬೆಲೆ ಕಡೆ ಹೋಗೋದು ತಪ್ಪಲ್ಲ. ಊರು ಬಿಟ್ಟು ಓಡಿಹೋದ ಅಂತ ಯಾರೂ ನಿಮ್ಮನ್ನ ಹಂಗಿಸಬೇಕಾಗಿಲ್ಲ. ಆದ್ರೆ ಒಂದು ಮಾತು ತಿಳಿದಿರಲಿ: ಕನ್ನಡ ತರಗತಿಯಿಂದ ಒಂದೊಂದು ಮಗು ಕಮ್ಮಿಯಾದಾಗಲೂ ಮೇಷ್ಟ್ರ ಹುದ್ದೆ ಉಳಿಸಿಕೊಳ್ಳೋದು ಉಳಿದವರಿಗೆ ಕಷ್ಟ ಆಗುತ್ತೆ. ಹೋದವರು ಊರಿನ ಶಾಲೆಯ ನಂಟು ಬಿಡಬೇಡಿ, ದಾಖಲಾತಿ ಸಮಯದಲ್ಲಿ ನೆಂಟರ ಮಕ್ಕಳನ್ನ ಅಲ್ಲಿಗೆ ಸೇರಿಸೋಕೆ ನೆರವಾಗಿ.

ಮಂಜೇಶ್ವರದಿಂದ ಮಂಗಳೂರಿಗೆ ದಿನಾ ಹೋಗಿಬರೋ ಗೆಳೆಯರಿಗೂ ಇದೇ ಕ್ರಮ ಹೊಂದುತ್ತೆ. ಅಲ್ಲಿ ಕೇರಳದ 2017ರ ಮಲಯಾಳಂ ಕಲಿಕಾ ಕಾಯ್ದೆ ಇದೆ, ಲೆಕ್ಕ ಅದೇ: ಮೊದಲು ಶಾಲೆ, ಆಮೇಲೆ ಹೊತ್ತು, ಆಮೇಲೆ ಕಾಗದಪತ್ರ, ಕೊನೆಗೆ ರೇಟ್.

ಕೊಳ್ಳೋ ಮೊದಲು ಆ ಜಾಗದಲ್ಲಿ ಆರು ತಿಂಗಳು ಬಾಡಿಗೆಗಿದ್ದು ನೋಡಿ. ಸೋಮವಾರ ಬೆಳಗ್ಗೆ ಎಂಟಕ್ಕೆ ಹೊರಟು ಆಫೀಸ್ ಬಾಗಿಲು ಎಷ್ಟು ಹೊತ್ತಿಗೆ ಸಿಕ್ತು ಬರೆದಿಡಿ. ನಿಮ್ಮ ಕಡೆ ಯಾವ ಶಾಲೆಯಲ್ಲಿ ಕನ್ನಡ ಕಲಿಸ್ತಾರೆ, ಯಾವ ತರಗತಿವರೆಗೆ ಅಂತ ಇಲ್ಲಿ ಕೆಳಗೆ ತಿಳಿಸಿ. ಮನೆ ಹುಡುಕ್ತಿರೋ ಇನ್ನೊಬ್ಬರಿಗೆ ಅದು ಯಾವ ಬ್ರೋಕರೂ ಕೊಡದ ಮಾಹಿತಿ.