ಚಕ್ರ ಮುರಿದದ್ದು ನಮ್ಮದು, ಹೊಣೆ ಯಾರದು?

ಮಳೆಗಾಲ ಬಂತೆಂದರೆ ನಮ್ಮ ಪಟ್ಟಣಗಳ ಟಯರ್ ಅಂಗಡಿಗಳ ಮುಂದೆ ಕಾರುಗಳು ಸಾಲುಗಟ್ಟುತ್ತವೆ. ಒಂದರ ರಿಮ್ ಬಾಗಿದೆ, ಇನ್ನೊಂದರ ಟಯರ್ ಪಕ್ಕದಲ್ಲಿ ಉಬ್ಬಿದೆ, ಮತ್ತೊಂದರ ಸ್ಟೀರಿಂಗ್ ಒಂದು ಬದಿಗೇ ಎಳೆಯುತ್ತಿದೆ. ಮಾಲಕನು ಕೇಳಿದಷ್ಟು ಹಣ ತೆತ್ತು, 'ಏನು ಮಾಡುವುದು, ನಮ್ಮ ರಸ್ತೆಗಳೇ ಹಾಗೆ' ಎಂದು ನಿಟ್ಟುಸಿರಿಟ್ಟು ಮನೆಗೆ ಮರಳುತ್ತಾನೆ. ನಾವು ಆಕ್ಷೇಪಿಸಬೇಕಾದುದು ಈ ಮಾತನ್ನೇ. ಮನುಷ್ಯರ ನಿರ್ಲಕ್ಷ್ಯದಿಂದಾದ ನಷ್ಟವನ್ನು ವಿಧಿಯ ಲೆಕ್ಕಕ್ಕೆ ಬರೆಯುವ ಸಮಾಜವು ಅದೇ ನಷ್ಟವನ್ನು ಮುಂದಿನ ವರ್ಷವೂ ಭರಿಸಬೇಕಾಗುತ್ತದೆ.

ಈ ನಷ್ಟ ಸಣ್ಣದಲ್ಲ. ನೀರು ತುಂಬಿದ ಗುಂಡಿಯ ಆಳ ಚಾಲಕನಿಗೆ ಕಾಣಿಸುವುದಿಲ್ಲ. ಗುಂಡಿಯ ಚೂಪಾದ ಅಂಚಿಗೆ ಚಕ್ರ ಬಡಿದಾಗ ಟಯರ್ ರಿಮ್‌ಗೂ ಕಲ್ಲಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಒಳಗಿನ ನೂಲುಗಳು ತುಂಡಾದರೆ ಪಕ್ಕದಲ್ಲಿ ಉಬ್ಬು ಮೂಡುತ್ತದೆ. ಅದಕ್ಕೆ ದುರಸ್ತಿಯಿಲ್ಲ, ಟಯರನ್ನೇ ಬದಲಿಸಬೇಕು. ಉಬ್ಬಿದ ಟಯರ್‌ನಲ್ಲಿ ಹೆದ್ದಾರಿಗಿಳಿಯುವುದು ಪ್ರಾಣವನ್ನು ಪಣಕ್ಕಿಟ್ಟಂತೆ. ಉಕ್ಕಿನ ರಿಮ್ ಬಾಗಿದರೆ ತಟ್ಟಿ ಸರಿಪಡಿಸುವುದುಂಟು. ಅಲಾಯ್ ಚಕ್ರ ಬಿರುಕು ಬಿಟ್ಟರೆ ಬೆಸುಗೆಯನ್ನು ನಂಬಿ ಕುಟುಂಬವನ್ನು ಕೂರಿಸಿಕೊಂಡು ಹೋಗುವುದು ವಿವೇಕವಲ್ಲ. ಇಷ್ಟರ ಮೇಲೆ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಬೇಕು. ಹಾಗೆ ಮಾಡಿಸದಿದ್ದರೆ ಹೊಸ ಟಯರೂ ಅಡ್ಡಾದಿಡ್ಡಿಯಾಗಿ ಸವೆಯುತ್ತದೆ.

ವಿಮೆಯಿದೆಯಲ್ಲ ಎಂದು ಕೆಲವರು ಸಮಾಧಾನಪಟ್ಟುಕೊಳ್ಳಬಹುದು. ನಮ್ಮ ದೇಶದ ಸಾಮಾನ್ಯ ಕಾರು ವಿಮೆಯ ಕರಾರು ಓದಿದರೆ ಆ ಸಮಾಧಾನವೂ ಉಳಿಯದು. ಟಯರ್ ಮಾತ್ರ ಹಾಳಾದರೆ ಅದು ಪರಿಹಾರ ಕೊಡುವುದಿಲ್ಲ. ಅದೇ ಅಪಘಾತದಲ್ಲಿ ವಾಹನಕ್ಕೂ ಹಾನಿಯಾಗಿದ್ದರೆ ಹೊಸ ಟಯರ್‌ನ ಬೆಲೆಯ ಶೇ. 50ರಷ್ಟು ಮಾತ್ರ ಸಿಗುತ್ತದೆ. ಪೂರ್ಣ ರಕ್ಷಣೆ ಬೇಕಿದ್ದರೆ ಹೆಚ್ಚುವರಿ ಕಂತು ಕಟ್ಟಬೇಕು. ಸರಕಾರ ಮುಚ್ಚದ ಗುಂಡಿಗಾಗಿ ಪ್ರಜೆಯೇ ವಿಮೆ ಮಾಡಿಸಿಕೊಳ್ಳಬೇಕಾದುದು ಎಂಥ ವಿಪರ್ಯಾಸ!

ಅಷ್ಟಕ್ಕೂ ಈ ರಸ್ತೆಗಳ ಮೇಲೆ ನಾವು ಪುಕ್ಕಟೆಯಾಗಿ ಸಂಚರಿಸುತ್ತಿದ್ದೇವೆಯೇ? ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರು ಕೊಳ್ಳುವವನು ಅದರ ಬೆಲೆಗನುಗುಣವಾಗಿ ಶೇ. 13ರಿಂದ 18ರಷ್ಟು ಜೀವಾವಧಿ ತೆರಿಗೆಯನ್ನು ಮೊದಲೇ ಪಾವತಿಸುತ್ತಾನೆ. ತುಂಬಿಸುವ ಇಂಧನಕ್ಕೂ ತೆರಿಗೆ, ಹೆದ್ದಾರಿ ಹತ್ತಿದರೆ ಟೋಲ್. ಹಣ ಪಡೆದ ವ್ಯಾಪಾರಿ ಹಾಳಾದ ಸರಕು ಕೊಟ್ಟರೆ ನಾವು ಅಂಗಡಿಯಲ್ಲೇ ಜಗಳ ತೆಗೆಯುತ್ತೇವೆ. ಸರಕಾರದ ಮುಂದೆ ಮಾತ್ರ ಮೂಕರಾಗುತ್ತೇವೆ.

ಮಳೆ ಹೆಚ್ಚಾಯಿತು ಎಂಬುದು ಅಧಿಕಾರಿಗಳ ಸಿದ್ಧ ಉತ್ತರ. ಮಳೆ ನಮ್ಮ ನಾಡಿಗೆ ಹೊಸ ಅತಿಥಿಯೇನಲ್ಲ. ಡಾಮರಿನ ಶತ್ರು ಸುರಿಯುವ ಮಳೆಯಲ್ಲ, ನಿಲ್ಲುವ ನೀರು. ಚರಂಡಿಯಿಲ್ಲದ ರಸ್ತೆಯಲ್ಲಿ ನೀರು ಬಿರುಕಿನ ಮೂಲಕ ಒಳಗಿಳಿಯುತ್ತದೆ, ಕೆಳಪದರ ಸಡಿಲವಾಗುತ್ತದೆ, ಲಾರಿಗಳ ಭಾರಕ್ಕೆ ಮೇಲ್ಪದರ ಕಿತ್ತುಬರುತ್ತದೆ. ಪೈಪಿಗೋ ಕೇಬಲ್ಲಿಗೋ ಅಗೆದು, ಸರಿಯಾಗಿ ದಮ್ಮಸ್ಸು ಮಾಡದೆ ಮಣ್ಣು ಮುಚ್ಚಿದಲ್ಲೂ ಇದೇ ಗತಿ. ಇದನ್ನು ಅರಿಯದ ಇಂಜಿನಿಯರ್ ಇಲ್ಲ. ಅರಿತೂ ಜಲ್ಲಿಪುಡಿ ಸುರಿದು ಹೋಗುವವರಿಗೆ ಮುಂದಿನ ಮಳೆಗೆ ಮುಂದಿನ ಬಿಲ್ಲು ಕಾದಿರುತ್ತದೆ.

ಕಾರಿನ ಚಕ್ರಕ್ಕಾಗಿ ಇಷ್ಟೇಕೆ ಗದ್ದಲ, ಕಾರಿರುವವರು ಭರಿಸಬಲ್ಲರು ಎನ್ನುವವರಿದ್ದಾರೆ. ಆದರೆ ಕಾರಿನ ಚಕ್ರ ಮುರಿಯುವ ಗುಂಡಿಯಲ್ಲೇ ಬೈಕ್ ಸವಾರನ ತಲೆ ಒಡೆಯುತ್ತದೆ, ಅದರಲ್ಲೇ ಆಟೋ ಚಾಲಕನ ಆ ದಿನದ ಸಂಪಾದನೆ ಮುಳುಗುತ್ತದೆ. 2013ರಿಂದ 2017ರ ವರೆಗೆ ರಸ್ತೆಗುಂಡಿಗಳಿಂದಾಗಿ 14,926 ಮಂದಿ ಸತ್ತಿರುವುದನ್ನು ಕಂಡು 2018ರ ಡಿಸೆಂಬರ್‌ನಲ್ಲಿ ಸುಪ್ರೀಮ್ ಕೋರ್ಟೇ ಕಳವಳ ವ್ಯಕ್ತಪಡಿಸಿತ್ತು. ಮುರಿದ ಚಕ್ರವು ಆ ಸಾವಿನ ಮುನ್ಸೂಚನೆ. ಅದನ್ನು ಕಂಡಾಗಲೇ ಗುಂಡಿ ಮುಚ್ಚಿದ್ದರೆ ಯಾವುದೋ ಮನೆಯ ಮಗ ಉಳಿಯುತ್ತಿದ್ದ.

ಕಾನೂನು ಇಲ್ಲವೆಂದಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಮು ಗುಣಮಟ್ಟ ಪಾಲಿಸದ ಅಧಿಕಾರಿ, ಗುತ್ತಿಗೆದಾರರಿಗೆ ದಂಡ ವಿಧಿಸುತ್ತದೆ. ಆದರೆ ಆ ದಂಡದ ಗರಿಷ್ಠ ಮಿತಿ ಕೇವಲ 1 ಲಕ್ಷ ರೂಪಾಯಿ. ಅದೂ ಸಾವೋ ಅಂಗವೈಕಲ್ಯವೋ ಸಂಭವಿಸಿದಾಗ ಮಾತ್ರ. ಅಂದರೆ ಕಾನೂನು ಎಚ್ಚರಗೊಳ್ಳಲು ಹೆಣ ಬೀಳಬೇಕು! ನ್ಯಾಯಾಲಯಗಳು ಇದಕ್ಕಿಂತ ಮುಂದೆ ಹೋಗಿವೆ. ಕೆಟ್ಟ ರಸ್ತೆಯಿಂದ ತೊಂದರೆಗೊಳಗಾದವರಿಗೆ ಪರಿಹಾರ ಕೊಡುವುದು ಅಂದಿನ ಬೆಂಗಳೂರು ಮಹಾನಗರ ಪಾಲಿಕೆಯ ಹೊಣೆಯೆಂದು ಕರ್ನಾಟಕ ಹೈಕೋರ್ಟು 2019ರಲ್ಲಿ ಹೇಳಿತು. 2025ರ ಅಕ್ಟೋಬರ್‌ನಲ್ಲಿ ಬಾಂಬೆ ಹೈಕೋರ್ಟು ಗುಂಡಿಯಿಂದ ಸತ್ತವರ ಕುಟುಂಬಕ್ಕೆ 6 ಲಕ್ಷ ರೂ., ಗಾಯಾಳುಗಳಿಗೆ 50 ಸಾವಿರದಿಂದ 2.5 ಲಕ್ಷ ರೂ. ಪರಿಹಾರ ನಿಗದಿಪಡಿಸಿತಲ್ಲದೆ, ಆ ಹಣವನ್ನು ತಪ್ಪಿತಸ್ಥ ಅಧಿಕಾರಿ ಮತ್ತು ಗುತ್ತಿಗೆದಾರರಿಂದ ವಸೂಲು ಮಾಡಬೇಕೆಂದಿತು. ಸರಿಯಾದ ದಾರಿ ಇದೇ. ಪರಿಹಾರವನ್ನು ಖಜಾನೆಯಿಂದಲೇ ಕೊಟ್ಟರೆ ಕೊನೆಗೆ ದಂಡ ತೆರುವವರೂ ನಾವೇ.

ಇನ್ನು ನಮ್ಮ ಕಡೆಗೂ ಒಮ್ಮೆ ನೋಡಿಕೊಳ್ಳೋಣ. ದಾರಿಯ ಮುಳ್ಳನ್ನು ಬದಿಗೆ ಸರಿಸುವುದು ಪುಣ್ಯವೆಂದು ಮಕ್ಕಳಿಗೆ ಕಲಿಸುವ ನಾವೇ ಮದುವೆಯ ಶಾಮಿಯಾನಕ್ಕಾಗಿ ಹೊಸ ಡಾಮರಿಗೆ ಗೂಟ ಹೊಡೆಯುತ್ತೇವೆ. ಸ್ನಾನದ ಮನೆಯ ನೀರನ್ನು ರಸ್ತೆಗೆ ಬಿಡುತ್ತೇವೆ. ಕಾರು ಒಳತರಲು ಚರಂಡಿಯ ಮೇಲೆ ಕಾಂಕ್ರೀಟು ಸುರಿದು ನೀರಿನ ಹಾದಿ ಮುಚ್ಚುತ್ತೇವೆ. ಚುನಾವಣೆಯಲ್ಲಿ ಮತ ಕೇಳಲು ಬಂದವರು ಮದುವೆಗೆ ಬಂದು ಹರಸಿದರೆ ಸಾಕು, ರಸ್ತೆಯ ಪ್ರಶ್ನೆ ನಮ್ಮ ನಾಲಗೆಯಿಂದ ಜಾರಿಹೋಗುತ್ತದೆ.

ಮಾಡಬೇಕಾದುದು ಕಷ್ಟವೇನಲ್ಲ. ಚಕ್ರ ಮುರಿದ ದಿನವೇ ಗುಂಡಿಯ ಮತ್ತು ವಾಹನದ ಫೋಟೋ ತೆಗೆಯಬೇಕು, ದುರಸ್ತಿಯ ಬಿಲ್ಲನ್ನು ಜೋಪಾನವಾಗಿಡಬೇಕು, ಸಂಬಂಧಪಟ್ಟ ಕಚೇರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಆ ರಸ್ತೆಯ ಗುತ್ತಿಗೆದಾರ ಯಾರು, ದೋಷ ಸರಿಪಡಿಸುವ ಅವನ ಹೊಣೆಯ ಅವಧಿ ಎಂದಿಗೆ ಮುಗಿಯುತ್ತದೆ ಎಂದು 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. 30 ದಿನಗಳೊಳಗೆ ಉತ್ತರ ಕೊಡಬೇಕಾದುದು ಅವರ ಕರ್ತವ್ಯ. ಒಬ್ಬನ ಅರ್ಜಿಯನ್ನು ಕಡತದಡಿ ಅಡಗಿಸಬಹುದು. ಒಂದು ಬೀದಿಯ ಎಲ್ಲ ಮನೆಗಳ ಅರ್ಜಿಯನ್ನು ಅಡಗಿಸುವುದು ಸುಲಭವಲ್ಲ. ನೆರೆಮನೆಯವನ ಧರ್ಮ, ಪಕ್ಷ ಯಾವುದೇ ಇರಲಿ, ಅವನ ಕಾರೂ ಇದೇ ಗುಂಡಿಗೆ ಬೀಳುತ್ತದೆ. ಮೊದಲ ಸಹಿ ನಮ್ಮದಾಗಲಿ.