ಅಡುಗೆ ಮನೆ: ಹಾಲಿಲ್ಲದ ಹಣ್ಣಿನ ಪಾನೀಯ

ರಮಝಾನ್‌ನಲ್ಲಿ ಒಮ್ಮೆ ಕುಣಿಗಲ್‌ನಿಂದ ತಂಗಿ ಮಕ್ಕಳೊಂದಿಗೆ ತುಮಕೂರಿನ ನಮ್ಮ ಮನೆಗೆ ಬಂದಿದ್ದಳು. ಇಫ್ತಾರ್‌ಗೆ ಎಲ್ಲರ ಮುಂದೆಯೂ ಹಾಲಿನ ಶರಬತ್ತು. ಆರು ವರ್ಷದ ಅವಳ ಕಿರಿಮಗನ ಮುಂದೆ ಮಾತ್ರ ನೀರಿನ ಲೋಟ. ಹಾಲು ಕುಡಿದರೆ ಅವನಿಗೆ ಹೊಟ್ಟೆಯುಬ್ಬರ, ಭೇದಿ. "ನನಗೆ ನೀರೇ ಇಷ್ಟ, ಖಾಲಾ" ಎಂದ. ಕಣ್ಣು ಮಾತ್ರ ಅಣ್ಣನ ಲೋಟದ ಮೇಲಿತ್ತು.

ಮರುದಿನ ಹಾಲಿನ ಶರಬತ್ತನ್ನೇ ಬಿಟ್ಟೆ. ಅವನಿಗೊಂದು, ನಮಗೊಂದು ಮಾಡಲು ಮನಸ್ಸಾಗಲಿಲ್ಲ. ತೆಂಗಿನ ಸೀಮೆಯಲ್ಲಿದ್ದು ಹಾಲಿಗಾಗಿ ಪೇಚಾಡುವುದೇಕೆ?

ನಾಲ್ಕು ಲೋಟಕ್ಕೆ ಅರ್ಧ ತೆಂಗಿನಕಾಯಿ ತುರಿ ಸಾಕು. ಎರಡು ಲೋಟ ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡಿ. ಈ ಹಾಲಿಗೆ ನಾಲ್ಕು ಏಲಕ್ಕಿ ಬಾಳೆಹಣ್ಣು, ಬೀಜ ತೆಗೆದು ನೆನೆಸಿದ ಆರು ಖರ್ಜೂರ ಹಾಕಿ ಮಿಕ್ಸಿಯಲ್ಲಿ ತಿರುಗಿಸಿ. ಸಕ್ಕರೆ ಬೇಡವೇ ಬೇಡ. ಪೇಟೆಯಲ್ಲಿ ಸ್ಮೂದಿ ಎನ್ನುವುದು ಇದನ್ನೇ! ಮಗ್ರಿಬ್‌ಗೆ ಸ್ವಲ್ಪ ಮುಂಚೆ ಮಾಡಿ. ತೆಂಗಿನ ಹಾಲು ಬೇಗ ಹುಳಿಯುತ್ತದೆ, ಬಾಳೆ ಕಪ್ಪಾಗುತ್ತದೆ.

ಸಹೋದರಿಯರೇ, ಒಂದು ಮಾತು ನೆನಪಿರಲಿ. ತೆಂಗಿನ ಹಾಲು ಹಸುವಿನ ಹಾಲಿಗೆ ಸಮನಲ್ಲ. ಅದರಲ್ಲಿ ಕೊಬ್ಬು ಹೆಚ್ಚು, ಪ್ರೋಟೀನ್ ಮತ್ತು ಸುಣ್ಣದಂಶ ಕಡಿಮೆ. ಬೆಳೆಯುವ ಮಕ್ಕಳಿಗೆ ಈ ಕೊರತೆ ತುಂಬಲು ನಮ್ಮ ರಾಗಿಯಿದೆ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ. ಮೊಳಕೆ ರಾಗಿ ಹಿಟ್ಟಿನ ತೆಳು ಗಂಜಿ ಕಾಯಿಸಿ, ಆರಿಸಿ, ಇದಕ್ಕೇ ಬೆರೆಸಿದರೆ ರುಚಿ ಕೆಡುವುದಿಲ್ಲ. ಹಾಲಿನ ಸಕ್ಕರೆ ಜೀರ್ಣವಾಗದ ಎಷ್ಟೋ ಮಕ್ಕಳಿಗೆ ಮೊಸರು ಒಗ್ಗುತ್ತದೆ. ಆದರೆ ಹಾಲು ಕುಡಿದೊಡನೆ ದದ್ದು, ತುಟಿ ಊತ, ಉಸಿರಾಟದ ತೊಂದರೆ ಬಂದರೆ ಅದು ಅಲರ್ಜಿ. ತಡಮಾಡದೆ ವೈದ್ಯರಲ್ಲಿಗೆ ಒಯ್ಯಿರಿ. ಅಂಥ ಮಗುವಿಗೆ ಮೊಸರೂ ಬೇಡ.

ಹಲಸಿನ ಕಾಲದಲ್ಲಿ ಬಾಳೆಯ ಬದಲು ಹತ್ತು ಹನ್ನೆರಡು ತೊಳೆ ಹಾಕಿ, ನಾರು ಸೋಸಿ. ಗುಬ್ಬಿ ತಾಲ್ಲೂಕಿನ ಚೇಳೂರಿನ 'ಸಿದ್ದು' ಹಲಸು ಸಿಕ್ಕರೆ ಬಿಡಬೇಡಿ. ರೈತ ಎಸ್.ಎಸ್. ಪರಮೇಶ ಅವರ ತೋಟದ ಈ ತಳಿಯನ್ನು ಬೆಳೆಸಲು ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 2017ರಲ್ಲಿ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು. ಹಣ್ಣು ಎರಡೂವರೆ ಕಿಲೋದ ಆಸುಪಾಸು, ಸಣ್ಣ ಸಂಸಾರಕ್ಕೆ ಸರಿ. ತೊಳೆ ತಾಮ್ರಗೆಂಪು, ಪಾನೀಯಕ್ಕೂ ಅದೇ ಬಣ್ಣ. ಸಕ್ಕರೆ ಕಾಯಿಲೆಯ ಹಿರಿಯರಿಗೆ ಮಾತ್ರ ಅರ್ಧ ಲೋಟಕ್ಕೂ ಕಡಿಮೆ, ಖರ್ಜೂರವಿಲ್ಲದೆ.

ಅಂದು ಸಂಜೆ ಆ ಹುಡುಗ ತನ್ನ ಲೋಟ ಮುಗಿಸಿ, ಅಣ್ಣನದರಲ್ಲೂ ಪಾಲು ಕೇಳಿದ.