ಸರ್ಕಸ್ಸಿಗೊಂದು ಬೋಗಿ ಕೊಡಿ

ದೇವದುರ್ಗಕ್ಕೆ ರೈಲಿಲ್ಲ. ಬಾಲ್ಯದಲ್ಲಿ ಸರ್ಕಸ್ ನೋಡಲು ಬಸ್ಸು ಹಿಡಿದು ರಾಯಚೂರಿಗೆ ಹೋಗಿದ್ದ ನನಗೆ ಆಟಕ್ಕಿಂತ ಹೆಚ್ಚಾಗಿ ನೆನಪಿರುವುದು ನಿಲ್ದಾಣದ ಆಚೆ ನಿಂತಿದ್ದ ಅದರ ವ್ಯಾಗನ್ನುಗಳು. ಒಂದರಲ್ಲಿ ಡೇರೆಯ ಕಂಬಗಳು, ಇನ್ನೊಂದರಲ್ಲಿ ಆನೆ. ಪಕ್ಕದ ಬೋಗಿಯ ಬಾಗಿಲಲ್ಲಿ ಮಗುವಿಗೆ ತಲೆ ಬಾಚುತ್ತಿದ್ದ ಕಲಾವಿದೆ.

ಮುಂಬೈ ಮತ್ತು ಮದ್ರಾಸ್ ಕಡೆಯ ಹಳಿಗಳು 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿಯೇ. ಈ ಬ್ರಾಡ್‌ಗೇಜ್ ಹಾದಿಯಲ್ಲಿ ಬಂದ ಸರ್ಕಸ್ ನೇರವಾಗಿ ಇಲ್ಲಿ ಇಳಿಯಬಹುದಿತ್ತು. ಆಗ ಮೀಟರ್‌ಗೇಜ್ ಆಗಿದ್ದ ಹುಬ್ಬಳ್ಳಿಗೆ ಹೋಗಬೇಕೆಂದರೆ, ಆನೆಯಿಂದ ಗೂಟದವರೆಗೆ ಎಲ್ಲವನ್ನೂ ನಡುದಾರಿಯಲ್ಲಿ ಬೇರೆ ವ್ಯಾಗನ್ನಿಗೆ ಏರಿಸಬೇಕಿತ್ತು. ಇಂದು ಆ ತೊಡಕಿಲ್ಲ, ಹುಬ್ಬಳ್ಳಿಯೂ ಬ್ರಾಡ್‌ಗೇಜ್. ಆದರೆ ಅಷ್ಟರಲ್ಲಿ ಸರ್ಕಸ್ಸೇ ರೈಲು ಬಿಟ್ಟು ಲಾರಿ ಹತ್ತಿದೆ. ಅಮೆರಿಕದ ರಿಂಗ್ಲಿಂಗ್ ಸರ್ಕಸ್ಸಿನ, ಸುಮಾರು ಒಂದು ಮೈಲಿ ಉದ್ದದ ರೈಲು ಕೂಡ 2017ರಲ್ಲಿ ನಿಂತಿತು.

ಹುಲಿ, ಸಿಂಹ, ಕರಡಿಗಳ ಪ್ರದರ್ಶನಕ್ಕೆ ಕೇಂದ್ರ ಸರ್ಕಾರ 1998ರಲ್ಲಿ ಹೇರಿದ ನಿಷೇಧವನ್ನು ಸುಪ್ರೀಂ ಕೋರ್ಟ್ 2001ರಲ್ಲಿ ಎತ್ತಿಹಿಡಿಯಿತು. ಅದು ಸರಿಯಾದುದೇ. ಕಾದ ಕಬ್ಬಿಣದ ಪೆಟ್ಟಿಗೆಯಲ್ಲಿ ನಿಂತ ಪ್ರಾಣಿಯ ಸಂಕಟವೇನೆಂದು ರಾಯಚೂರಿನ ಬಿಸಿಲು ಕಂಡವರಿಗೆ ವಿವರಿಸಬೇಕಿಲ್ಲ. ಆದರೆ ಉಳಿದಿರುವುದು ಮನುಷ್ಯರ ಮೈಕಸುಬು. ಆ ಮನುಷ್ಯರಿಗೆ ಊರಿಂದೂರಿಗೆ ಮಲಗಿ ಹೋಗುವ ಬೋಗಿ ಒಂದು ಮನೆಯೇ ಆಗಿತ್ತು.

ಸರ್ಕಸ್ಸಿಗೂ ವೃತ್ತಿ ನಾಟಕ ಕಂಪನಿಗಳಿಗೂ ರಿಯಾಯಿತಿ ದರದಲ್ಲಿ ಒಂದು ಬೋಗಿ, ಒಂದೆರಡು ವ್ಯಾಗನ್ನುಗಳನ್ನು ಒದಗಿಸುವುದು ರೈಲ್ವೆಗೆ ದೊಡ್ಡ ಹೊರೆಯೇನಲ್ಲ. ದೇವದುರ್ಗಕ್ಕೆ ಹಳಿ ಬರುವುದು ಬಂದಾಗ ಬರಲಿ. ಸರ್ಕಸ್ ರಾಯಚೂರಿನವರೆಗೆ ರೈಲಿನಲ್ಲಿ ಬಂದರೆ ಸಾಕು; ಅಲ್ಲಿಗೆ ಬಸ್ಸು ಹಿಡಿಯುವುದು ನಮಗೆ ಹೊಸದಲ್ಲ.